ತೂಕದ ತಕರಾರು: ಬಳ್ಳಾರಿ ಸೀಮೆಯ ಒಂದು ಹಳೆಯ ವಾದ

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಬೆಳಗಿನ ದಿನಚರಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅದರ ಪ್ರಕಾರ, ಬೆಳಕು ಹರಿಯುವ ಮುನ್ನವೇ ಅರಸ ಮುಕ್ಕಾಲು ಪಿಂಟ್‌ನಷ್ಟು ಎಳ್ಳೆಣ್ಣೆ ಕುಡಿಯುತ್ತಿದ್ದ. ಮೈಗೆಲ್ಲ ಅದೇ ಎಣ್ಣೆ ತಿಕ್ಕಿಕೊಂಡು, ಮಣ್ಣಿನ ಭಾರವಾದ ಗುಂಡುಗಳನ್ನು ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿ ಬೀಸುತ್ತಿದ್ದ. ಆಮೇಲೆ ಜಟ್ಟಿಯೊಬ್ಬನ ಜೊತೆ ಕುಸ್ತಿ, ನಂತರ ಬಯಲಿನಲ್ಲಿ ಕುದುರೆ ಸವಾರಿ. ಇಷ್ಟೆಲ್ಲ ಹೇಳಿದ ಪಾಯೆಸ್, ಅರಸನ ಆಕಾರವನ್ನು ವರ್ಣಿಸುವಾಗ ಇನ್ನೊಂದು ಮಾತು ಸೇರಿಸುತ್ತಾನೆ: ಆತನದು ಮಧ್ಯಮ ಎತ್ತರ, ಮೈಕಟ್ಟು ಚೆನ್ನಾಗಿದೆ, ಆದರೆ ತೆಳ್ಳಗೆ ಎನ್ನುವುದಕ್ಕಿಂತ ದಪ್ಪಗೆ ಎನ್ನಬಹುದು.

ಮುಕ್ಕಾಲು ಪಿಂಟ್ ಎಂದರೆ ಸುಮಾರು 400 ಮಿಲಿಲೀಟರ್. ಅಷ್ಟು ಎಣ್ಣೆಯಲ್ಲಿ 3300 ಕಿಲೋಕ್ಯಾಲರಿಯಷ್ಟು ಶಕ್ತಿ ಇರುತ್ತದೆ. ಅದು ಕಲ್ಲು ಒಡೆಯುವ ಕೂಲಿಯೊಬ್ಬನ ಇಡೀ ದಿನದ ಅಗತ್ಯಕ್ಕೆ ಹತ್ತಿರದ ಮೊತ್ತ. ಪ್ರವಾಸಿಯ ಅಳತೆಯನ್ನು ಪೂರ್ತಿ ನಂಬಬೇಕಾಗಿಲ್ಲ. ಆದರೂ ದಿನವೂ ಕಸರತ್ತು ಮಾಡುವವನು ಸ್ವಲ್ಪ ಸ್ಥೂಲವಾಗಿರಬಹುದು, ಅದರಿಂದ ಅವನು ಸೋಮಾರಿ ಎಂದಾಗುವುದಿಲ್ಲ ಎಂಬುದನ್ನು ಹಂಪಿಯ ಈ ಸಾಕ್ಷ್ಯ ತೋರಿಸುತ್ತದೆ. ಅರಸನ ವಿಷಯದಲ್ಲಿ ಯಾರೂ ಅಂಥ ಮಾತು ಆಡಿರಲಾರರು. ಬಡವರ ವಿಷಯಕ್ಕೆ ಬಂದಾಗ ಮಾತ್ರ ದೇಹದ ಗಾತ್ರ ಅವರ ಗುಣಕ್ಕೆ ಪ್ರಮಾಣಪತ್ರವಾಗಿಬಿಡುತ್ತದೆ.

ಬೊಜ್ಜು ಯಾರ ತಪ್ಪು ಎಂಬ ವಾದ ಈಗ ಎಲ್ಲೆಡೆ ನಡೆದಿದೆ. ಬಾಯಿ ಕಟ್ಟಲಾಗದವರ ತಪ್ಪು ಎಂದು ಒಂದು ಪಕ್ಷ, ಅಗ್ಗದ ಎಣ್ಣೆ–ಸಕ್ಕರೆಯ ಮಾರುಕಟ್ಟೆಯನ್ನು ಕಟ್ಟಿದವರ ತಪ್ಪು ಎಂದು ಇನ್ನೊಂದು ಪಕ್ಷ. ಇದೇ ವಾದ ಹೊಸಪೇಟೆ, ಕಂಪ್ಲಿ, ಬಳ್ಳಾರಿಯ ನೆಲದ ಬಗ್ಗೆ ಸುಮಾರು 150 ವರ್ಷಗಳ ಹಿಂದೆ ಒಮ್ಮೆ ನಡೆದಿತ್ತು. ಆಗ ಚರ್ಚೆಯಲ್ಲಿದ್ದದ್ದು ದಪ್ಪ ದೇಹವಲ್ಲ, ಒಣಗಿದ ದೇಹ. ಆ ವಾದದಲ್ಲಿ ಒಂದು ಪಕ್ಷ ಮಾಡಿದ ತಪ್ಪು ಎಂಥದು ಎಂದು ಶರೀರವಿಜ್ಞಾನ ಮುಂದೆ ತೋರಿಸಿಕೊಟ್ಟಿತು. ಅದನ್ನು ನೋಡಿದರೆ ಇಂದಿನ ವಾದವನ್ನೂ ಬೇರೆ ರೀತಿಯಲ್ಲಿ ಅಳೆಯಬಹುದು.

ಒಂದು ಪೌಂಡ್ ಧಾನ್ಯ

ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಹೊಸಪೇಟೆ, ಹಂಪಿ, ಕಂಪ್ಲಿಗಳು ಆ ಜಿಲ್ಲೆಯಲ್ಲಿದ್ದವು. ಸಂಡೂರು ಮಾತ್ರ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. 1876ರಲ್ಲಿ ಮಳೆ ಕೈಕೊಟ್ಟಿತು. ಧಾತು ಸಂವತ್ಸರದಲ್ಲಿ ಆರಂಭವಾದ ಬರ ಈಶ್ವರ ಸಂವತ್ಸರಕ್ಕೂ ಮುಂದುವರಿದು 1878ರವರೆಗೆ ದಖನ್ನನ್ನೂ ದಕ್ಷಿಣ ಭಾರತವನ್ನೂ ಸುಟ್ಟಿತು. ಅತಿ ಕಡಿಮೆ ಅಂದಾಜನ್ನು ತೆಗೆದುಕೊಂಡರೂ ಸತ್ತವರ ಸಂಖ್ಯೆ 50 ಲಕ್ಷ ಮೀರುತ್ತದೆ. ಮದ್ರಾಸ್ ಪ್ರಾಂತ್ಯದಲ್ಲಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿ ಮುಂಚೂಣಿಯದು. ಬಳ್ಳಾರಿವರೆಗೆ ರೈಲು ಇತ್ತು, ಅದರಾಚೆಗೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೂ ಸಾಯುತ್ತಿದ್ದವು. ಹೊಸಪೇಟೆಗೆ ರೈಲು ಬಂದದ್ದು 1880ರ ದಶಕದಲ್ಲಿ, ಬರದ ಪಾಠ ಕಲಿತ ಮೇಲೆ.

ವೈಸ್‌ರಾಯ್ ಲಿಟ್ಟನ್ 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್‌ನನ್ನು ಬರದ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಕಳುಹಿಸಿದ. ಖರ್ಚು ತಗ್ಗಿಸುವುದು ಅವನ ಹೊಣೆ. ಟೆಂಪಲ್‌ನ ಹಿನ್ನೆಲೆ ಇಲ್ಲಿ ಗಮನಾರ್ಹ. 1873–74ರ ಬಿಹಾರದ ಬರದಲ್ಲಿ ಅವನೇ ಬರ್ಮಾದಿಂದ ಧಾರಾಳವಾಗಿ ಅಕ್ಕಿ ತರಿಸಿ ಹಂಚಿದ್ದ. ಹಸಿವಿನಿಂದ ಸತ್ತವರು ಬಹಳ ಕಡಿಮೆ. ಅದಕ್ಕೆ ಅವನಿಗೆ ಸಿಕ್ಕಿದ್ದು ಹೊಗಳಿಕೆಯಲ್ಲ, ದುಂದುಗಾರ ಎಂಬ ಬೈಗುಳ. ಆ ಹೆಸರು ತೊಳೆದುಕೊಳ್ಳುವ ಅವಕಾಶ ದಕ್ಷಿಣದಲ್ಲಿ ಬಂದಿತು. ವೈಯಕ್ತಿಕ ಹೊಣೆಯ ಪಾಠ ಹೇಳಲು ಬಂದ ಈ ಅಧಿಕಾರಿಯ ನಿರ್ಧಾರವೂ ಹೀಗೆ ಮೇಲಿನವರ ಒತ್ತಡದಿಂದ ರೂಪುಗೊಂಡದ್ದೇ.

ಪರಿಹಾರ ಕಾಮಗಾರಿಗಳಲ್ಲಿ ಮಣ್ಣು ಹೊರುವ, ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆಯನ್ನೂ ಅದರ ಮೇಲೆ ಉಪ್ಪು, ಮೆಣಸಿನಕಾಯಿ, ಸೌದೆಗೆಂದು ಒಂದಿಷ್ಟು ಕಾಸನ್ನೂ ಕೊಟ್ಟರೆ ಸಾಕು ಎಂದು ಟೆಂಪಲ್ ನಿಗದಿ ಮಾಡಿದ. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಚರಿತ್ರೆಯಲ್ಲಿ ಇದಕ್ಕೆ ಟೆಂಪಲ್ ಕೂಲಿ ಎಂದೇ ಹೆಸರು. ಇದರ ಹಿಂದೆ ಲೆಕ್ಕದ ಜೊತೆ ಒಂದು ನಂಬಿಕೆಯೂ ಇತ್ತು. ಸುಲಭವಾಗಿ ಅನ್ನ ಸಿಕ್ಕರೆ ಜನ ಸ್ವಾವಲಂಬನೆ ಕಳೆದುಕೊಳ್ಳುತ್ತಾರೆ, ನಿಜವಾಗಿ ಹಸಿದವನು ಎಷ್ಟು ದೂರವಾದರೂ ನಡೆದು ಬರುತ್ತಾನೆ, ಎಷ್ಟು ಕಷ್ಟದ ಕೆಲಸವಾದರೂ ಮಾಡುತ್ತಾನೆ, ಬಾರದವನಿಗೆ ಹಸಿವಿಲ್ಲ. ಆದ್ದರಿಂದ ಕಾಮಗಾರಿಗಳನ್ನು ಹಳ್ಳಿಗಳಿಂದ ಹತ್ತು ಮೈಲಿಯಷ್ಟು ದೂರದಲ್ಲಿ ಇಡುವ ಪದ್ಧತಿಯೂ ಬಂದಿತು. ಇದಕ್ಕೆ ದೂರದ ಪರೀಕ್ಷೆ ಎಂದು ಹೆಸರು. ಈ ಪರೀಕ್ಷೆಯಲ್ಲಿ ಅತಿ ನಿತ್ರಾಣರಾದವರೇ ಮೊದಲು ಅನುತ್ತೀರ್ಣರಾಗುತ್ತಾರೆ ಎಂಬುದು ಯಾರಿಗಾದರೂ ಹೊಳೆಯಬೇಕಿತ್ತು.

ಹೊಳೆದದ್ದು ಮದ್ರಾಸ್ ಪ್ರಾಂತ್ಯದ ಆರೋಗ್ಯ ಆಯುಕ್ತನಾಗಿದ್ದ ಡಾ. ವಿಲಿಯಂ ರಾಬರ್ಟ್ ಕಾರ್ನಿಷ್‌ಗೆ. ಅವನು ವೈದ್ಯ; ಜೈಲಿನ ಕೈದಿಗಳ ಆಹಾರದ ಲೆಕ್ಕ ಚೆನ್ನಾಗಿ ಬಲ್ಲವನು. ದುಡಿಯುವ ದೇಹಕ್ಕೆ ಕನಿಷ್ಠ ಒಂದೂವರೆ ಪೌಂಡ್ ಧಾನ್ಯ ಬೇಕು, ಜೊತೆಗೆ ಬೇಳೆ, ತರಕಾರಿ ಬೇಕು ಎಂದು ಅವನು ಪಟ್ಟು ಹಿಡಿದ. ಬರೀ ಧಾನ್ಯದಿಂದ ಹೊಟ್ಟೆ ತುಂಬಿದಂತೆ ಕಂಡರೂ ಸ್ನಾಯು ಕರಗುವುದು ನಿಲ್ಲುವುದಿಲ್ಲ ಎಂಬುದು ಅವನ ವಾದದ ತಿರುಳು. ಇಬ್ಬರ ನಡುವೆ ಕಾಗದಪತ್ರಗಳ ಯುದ್ಧವೇ ನಡೆಯಿತು. ಅತ್ತ ಬೊಂಬಾಯಿ ಪ್ರಾಂತ್ಯದಲ್ಲಿ ಕಡಿಮೆ ಕೂಲಿ ಒಲ್ಲೆವೆಂದು ಸಾವಿರಾರು ಜನ ಕಾಮಗಾರಿಗಳನ್ನೇ ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ನಿಂತಿತು. 1877ರ ಮಾರ್ಚಿಯಲ್ಲಿ ಮದ್ರಾಸ್ ಸರ್ಕಾರ ಅರ್ಧ ದಾರಿ ಇಳಿದುಬಂದು, ಧಾನ್ಯವನ್ನು ಒಂದೂಕಾಲು ಪೌಂಡಿಗೆ, ಅಂದರೆ ಸುಮಾರು 570 ಗ್ರಾಂಗೆ ಏರಿಸಿ, 43 ಗ್ರಾಂ ಬೇಳೆಯನ್ನು ಸೇರಿಸಿತು. 1880ರ ಬರ ಆಯೋಗದ ವರದಿ, ಅದರ ಹಿಂದೆ ಬಂದ ಬರ ಸಂಹಿತೆಗಳು ಪರಿಹಾರ ಸರ್ಕಾರದ ಕರ್ತವ್ಯ ಎಂದು ಬರಹದಲ್ಲಿ ಒಪ್ಪಿಕೊಂಡವು. ಜನ ಸತ್ತ ಮೇಲೆ.

ಮಿನೆಸೋಟದ ಉತ್ತರ

ತರಗತಿಯಲ್ಲಿ ಮಾಡಿಸಬಹುದಾದ ಒಂದು ಲೆಕ್ಕ ಇಲ್ಲಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಆಹಾರ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ಸುಮಾರು 334 ಕಿಲೋಕ್ಯಾಲರಿ, 100 ಗ್ರಾಂ ಅಕ್ಕಿಯಲ್ಲಿ ಸುಮಾರು 356 ಕಿಲೋಕ್ಯಾಲರಿ ಇದೆ. ಟೆಂಪಲ್‌ನ 450 ಗ್ರಾಂಗೆ ಗುಣಿಸಿದರೆ ಜೋಳವಾದರೆ 1500, ಅಕ್ಕಿಯಾದರೆ 1600 ಬರುತ್ತದೆ. ಅದೇ ಸಂಸ್ಥೆಯ 2020ರ ಶಿಫಾರಸಿನ ಪ್ರಕಾರ ಭಾರಿ ದೈಹಿಕ ಕೆಲಸ ಮಾಡುವ ಗಂಡಸಿಗೆ ದಿನಕ್ಕೆ ಬೇಕಾದದ್ದು 3470 ಕಿಲೋಕ್ಯಾಲರಿ. ಕುಳಿತು ಕೆಲಸ ಮಾಡುವವನಿಗೇ 2110 ಬೇಕು. ಅಂದಿನವರ ಮೈತೂಕ ಈ ಲೆಕ್ಕ ಇಟ್ಟುಕೊಂಡ 65 ಕಿಲೋಗಿಂತ ಕಡಿಮೆ ಇದ್ದಿರಬೇಕು, ನಿಜ. ಹಾಗೆಂದರೂ ಕೊರತೆ ದೊಡ್ಡದೇ.

ಈ ಅಂಕಿಯನ್ನು ನೆನಪಿಟ್ಟುಕೊಂಡು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯಕ್ಕೆ ಹೋಗೋಣ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, 1944–45ರಲ್ಲಿ, ಶರೀರವಿಜ್ಞಾನಿ ಆನ್ಸೆಲ್ ಕೀಸ್ ಅಲ್ಲಿ 36 ಆರೋಗ್ಯವಂತ ತರುಣರ ಮೇಲೆ ಒಂದು ಪ್ರಯೋಗ ನಡೆಸಿದ. ಅವರು ಯುದ್ಧಕ್ಕೆ ಹೋಗಲು ತಾತ್ವಿಕ ಕಾರಣಕ್ಕೆ ಒಪ್ಪದೆ, ಸ್ವಇಚ್ಛೆಯಿಂದ ಪ್ರಯೋಗಕ್ಕೆ ಬಂದವರು. ಅಂದರೆ ಇಚ್ಛಾಶಕ್ತಿಗೆ ಕೊರತೆ ಇರುವವರಲ್ಲ. 24 ವಾರ ಅವರಿಗೆ ಕೊಟ್ಟದ್ದು ದಿನಕ್ಕೆ ಸುಮಾರು 1570 ಕಿಲೋಕ್ಯಾಲರಿ. ಟೆಂಪಲ್ ಕೂಲಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲವೆನ್ನಬಹುದು. ಇವರ ಪಾಲಿನ ದುಡಿಮೆ ವಾರಕ್ಕೆ ಸುಮಾರು 35 ಕಿಲೋಮೀಟರ್ ನಡಿಗೆ, ಕಲ್ಲು ಒಡೆಯುವುದಲ್ಲ.

ಫಲಿತಾಂಶ ಏನು? ಅವರ ತೂಕದ ಕಾಲು ಭಾಗ ಕರಗಿತು. ದೇಹ ತನ್ನ ಖರ್ಚನ್ನೇ ತಗ್ಗಿಸಿಕೊಂಡಿತು: ಹೃದಯದ ಬಡಿತ ನಿಧಾನವಾಯಿತು, ಮೈ ಸದಾ ತಣ್ಣಗೆ, ವಿಶ್ರಾಂತಿಯಲ್ಲಿದ್ದಾಗ ಉರಿಯುವ ಶಕ್ತಿ ಗಣನೀಯವಾಗಿ ಕುಸಿಯಿತು. ಆ ತರುಣರು ಮಂಕಾದರು, ಯಾವ ಕೆಲಸಕ್ಕೂ ಏಳಲೊಲ್ಲರು, ಅನ್ನವೊಂದನ್ನು ಬಿಟ್ಟು ಬೇರೆ ಯೋಚನೆಯೇ ಇಲ್ಲ. ಬಳ್ಳಾರಿಯ ಕಾಮಗಾರಿಗಳಲ್ಲಿ ಸೋಮಾರಿತನ ಎಂದು ಅಧಿಕಾರಿಗಳು ಕಂಡದ್ದು ಇದನ್ನೇ. ಅದು ಹಸಿವಿನ ಕಾರಣವಲ್ಲ, ಹಸಿವಿನ ಲಕ್ಷಣ. ಮದ್ರಾಸಿನ ಪರಿಹಾರ ಶಿಬಿರದಲ್ಲಿ ಸತ್ತವರ ಶವಪರೀಕ್ಷೆ ಮಾಡಿದ್ದ ಡಾ. ಅಲೆಕ್ಸಾಂಡರ್ ಪೋರ್ಟರ್ 1889ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬಹುಕಾಲ ಹಸಿದವರ ಕರುಳಿನ ಒಳಪೊರೆ ಸವೆದುಹೋಗಿ ಕೊಟ್ಟ ಆಹಾರವೂ ಮೈಗೆ ಹತ್ತದಂತಾಗುತ್ತದೆ ಎಂದು ಆಗಲೇ ತೋರಿಸಿದ್ದ.

ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದದ್ದು ಪ್ರಯೋಗದ ಕೊನೆಯ ಭಾಗ. ಊಟದ ಮಿತಿ ತೆಗೆದಾಗ ಆ ತರುಣರು ಹೊಟ್ಟೆ ಬಿರಿಯುವಷ್ಟು ತಿಂದರೂ ಹಸಿವು ತೀರಲಿಲ್ಲ. ಸ್ನಾಯುವಿಗಿಂತ ಮೊದಲು ಕೊಬ್ಬು ಮರಳಿತು. ಮೊದಲಿದ್ದುದಕ್ಕಿಂತ ಹೆಚ್ಚೇ ಮರಳಿತು. ಬೊಜ್ಜು ಕರಗಿಸಲು ಉಪವಾಸ ಮಾಡಿದವರು ಕೆಲವೇ ತಿಂಗಳಲ್ಲಿ ಮತ್ತೆ ದಪ್ಪಗಾದಾಗ ನಾವು ಸಂಯಮ ಇಲ್ಲ ಎಂದು ನಗುತ್ತೇವೆ. ಆಗ ಕೆಲಸ ಮಾಡುತ್ತಿರುವುದು ಮಿನೆಸೋಟದಲ್ಲಿ ಕಂಡ ಅದೇ ಯಂತ್ರ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಅದರ ಒಂದು ಕೀಲನ್ನು ಪತ್ತೆ ಹಚ್ಚಿತು. ಕೊಬ್ಬಿನ ಕೋಶಗಳೇ ಸ್ರವಿಸಿ, ದಾಸ್ತಾನು ಎಷ್ಟಿದೆ ಎಂದು ಮಿದುಳಿಗೆ ವರದಿ ಒಪ್ಪಿಸುವ ಹಾರ್ಮೋನು ಅದು. ಹೆಸರು ಲೆಪ್ಟಿನ್. ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತದೆ. ಮಿದುಳು ಅದನ್ನು ಬರ ಎಂದೇ ಓದಿಕೊಂಡು ಹಸಿವನ್ನು ಕೆರಳಿಸುತ್ತದೆ.

ಹೊಳೆ ಕಟ್ಟಿದ ಮೇಲೆ

ಈಗ ಹೊಸಪೇಟೆಗೆ ಮರಳೋಣ. ಹಂಪಿ–ಹೊಸಪೇಟೆ–ಕಂಪ್ಲಿಯ ನದಿತೀರಕ್ಕೆ ವಿಜಯನಗರ ಕಾಲದ ಕಾಲುವೆಗಳಿಂದಾಗಿ ಭತ್ತ, ಕಬ್ಬು, ಬಾಳೆ ಹೊಸವಲ್ಲ. ಆದರೆ ಕಾಲುವೆಯಿಂದ ಸ್ವಲ್ಪ ಆಚೆ ಹೋದರೆ ಎರೆ ಭೂಮಿ, ಮಸಾರಿ ಭೂಮಿ. ಅಲ್ಲಿ ಜೋಳ, ನವಣೆ, ಸಜ್ಜೆ. ರೊಟ್ಟಿಯೇ ಊಟ, ಅನ್ನ ಹಬ್ಬದ ಮಾತು. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು.

ಬರಗಾಲದ ಸೀಮೆಗೆ ಆಸರೆಯಾಗುವಂತೆ ಕಡಿಮೆ ನೀರನ್ನು ಹೆಚ್ಚು ಭೂಮಿಗೆ ಹರಡಬೇಕು, ಹೆಚ್ಚಿನ ಕಡೆ ಜೋಳ, ಶೇಂಗಾ, ಹತ್ತಿಯಂಥ ಅರೆನೀರಾವರಿ ಬೆಳೆ ಇರಬೇಕು ಎಂಬುದು ಯೋಜನೆಯ ಮೂಲ ಆಶಯ. ನಡೆದದ್ದು ಬೇರೆ. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರು ಭತ್ತದ ಬೇಸಾಯ ತಂದರು. 1960ರ ದಶಕದ ನಡುವಿನಿಂದ ಬೆಂಬಲ ಬೆಲೆ, ಸರ್ಕಾರಿ ಖರೀದಿ, ಹೊಸ ತಳಿಗಳು ಭತ್ತಕ್ಕೆ ಬೆನ್ನೆಲುಬಾದವು. ಗಂಗಾವತಿ, ಸಿರುಗುಪ್ಪ, ಕಂಪ್ಲಿಗಳಲ್ಲಿ ಅಕ್ಕಿ ಗಿರಣಿಗಳು ಎದ್ದವು. ಪಡಿತರದಲ್ಲೂ ಅಕ್ಕಿಯೇ ಬಂದಿತು. 2013ರ ಜುಲೈಯಲ್ಲಿ ಆರಂಭವಾದ ಅನ್ನಭಾಗ್ಯದಲ್ಲಿ ಕಿಲೋ ಅಕ್ಕಿಗೆ ಒಂದು ರೂಪಾಯಿ. 2015ರಿಂದ ಅದೂ ಇಲ್ಲ, ಉಚಿತ. ಹಸಿವನ್ನು ಹಿಮ್ಮೆಟ್ಟಿಸಿದ ಯೋಜನೆ ಇದು. ಟೆಂಪಲ್ ಕೂಲಿಯ ಕಥೆ ಓದಿದ ಯಾರೂ ಇದನ್ನು ಹಗುರವಾಗಿ ಆಡಿಕೊಳ್ಳಲಾರರು.

ಜೋಳ ಬಿಟ್ಟು ಅಕ್ಕಿ ಹಿಡಿದದ್ದೇ ಬೊಜ್ಜಿಗೆ ಕಾರಣ ಎಂದು ಹೇಳುವವರಿದ್ದಾರೆ. ಮೇಲಿನ ಅಂಕಿಗಳನ್ನು ನೋಡಿದರೆ ಎರಡರ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಅಂತರ ಇರುವುದು ನಾರಿನಲ್ಲಿ: 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ರೊಟ್ಟಿ ಅಗಿದು ತಿನ್ನಬೇಕು, ಬೇಗ ಹೊಟ್ಟೆ ತುಂಬುತ್ತದೆ. ಆದರೂ ಜೋಳವನ್ನು ಔಷಧಿಯಂತೆ ಮಾರುವ ಈಚಿನ ಉತ್ಸಾಹ ನನಗೆ ಅತಿಯೆನಿಸುತ್ತದೆ. ರೊಟ್ಟಿ ಏಕೆ ಹಿಂದೆ ಸರಿಯಿತು ಎಂದು ಕೇಳಬೇಕಾದದ್ದು ಅಡುಗೆಮನೆಯ ಹೆಣ್ಣುಮಕ್ಕಳನ್ನು. ನವಣೆ ಕುಟ್ಟಬೇಕು, ಜೋಳ ಬೀಸಬೇಕು, ಒಲೆ ಮುಂದೆ ಕೂತು ಒಂದೊಂದೇ ರೊಟ್ಟಿ ಬಡಿಯಬೇಕು. ಬೆಳಗಿನ ಏಳಕ್ಕೆ ಭತ್ತದ ನಾಟಿಗೋ ಸಂಡೂರಿನ ಗಣಿಗೋ ಕೂಲಿಗೆ ಹೊರಡುವ ಹೆಂಗಸಿಗೆ ಕುಕ್ಕರಿನಲ್ಲಿ ಒಂದು ಹಿಡಿ ಅಕ್ಕಿ ಇಡುವುದು ದುಂದಲ್ಲ, ಲೆಕ್ಕಾಚಾರ.

ದುಡಿಮೆಯೂ ಬದಲಾಯಿತು. ಸಂಡೂರಿನ ಗುಡ್ಡಗಳಲ್ಲಿ ಒಂದು ಕಾಲಕ್ಕೆ ಅದಿರನ್ನು ಸುತ್ತಿಗೆಯಿಂದ ಒಡೆದು ಬುಟ್ಟಿಯಲ್ಲಿ ಹೊರುತ್ತಿದ್ದರು. ಆ ಜಾಗಕ್ಕೆ ಅಗೆಯುವ ಯಂತ್ರ, ಟಿಪ್ಪರ್ ಬಂದವು. ಚೀನಾದ ಬೇಡಿಕೆಯಿಂದ 2003ರ ನಂತರ ಉಬ್ಬಿದ ಗಣಿಗಾರಿಕೆ 2011ರಲ್ಲಿ ಸುಪ್ರೀಂ ಕೋರ್ಟಿನ ತಡೆಯೊಂದಿಗೆ ದಿಢೀರನೆ ಕುಗ್ಗಿತು. ಆ ವರ್ಷಗಳಲ್ಲಿ ಲಾರಿ ಚಾಲಕನ ಕೆಲಸ ಎಂದರೆ ಸಾಲಿನಲ್ಲಿ ಗಂಟೆಗಟ್ಟಲೆ ಕೂರುವುದು, ರಸ್ತೆ ಬದಿಯಲ್ಲಿ ಸಿಕ್ಕಿದ್ದು ತಿನ್ನುವುದು. ಹೊಲದಲ್ಲೂ ಎತ್ತು ಹೋಗಿ ಟ್ರ್ಯಾಕ್ಟರ್, ಕುಡುಗೋಲು ಹೋಗಿ ಕಟಾವು ಯಂತ್ರ. ಇವೆಲ್ಲ ಬೆನ್ನು ಮುರಿಯುವ ಕೆಲಸಗಳೇ ಆಗಿದ್ದವು. ಅವು ಮರಳಿ ಬರಲಿ ಎಂದು ಯಾರೂ ಹಾರೈಸುವುದಿಲ್ಲ. ಆದರೆ ಅವು ಉರಿಸುತ್ತಿದ್ದ ಸಾವಿರದಷ್ಟು ಕಿಲೋಕ್ಯಾಲರಿಯ ಬದಲಿಗೆ ಏನೂ ಬರಲಿಲ್ಲ.

ಎಣ್ಣೆಯ ಕಥೆ ಇನ್ನೂ ಸ್ಪಷ್ಟ. ಶೇಂಗಾ ಬೆಳೆಯುವ ಸೀಮೆ ಇದು. ಊರಿನ ಗಾಣದ ಎಣ್ಣೆ ದುಬಾರಿ, ಆದ್ದರಿಂದ ಕೈ ಹಿಡಿದು ಬಳಸುತ್ತಿದ್ದರು. 1994ರಲ್ಲಿ ಪಾಮೋಲಿನ್ ಆಮದು ಮುಕ್ತವಾಯಿತು. ಇಂದು ದೇಶದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊರಗಿನದು. ಅದರಲ್ಲಿ ತಾಳೆ ಎಣ್ಣೆಯದು ದೊಡ್ಡ ಭಾಗ. ಹೊಸಪೇಟೆಯ ಬಸ್ ನಿಲ್ದಾಣದ ಸುತ್ತ ಬೆಳಗಿನಿಂದ ಕಾಯುವ ಮಿರ್ಚಿಯ ಬಾಣಲೆ, ಮಂಡಕ್ಕಿ ಒಗ್ಗರಣೆಯ ಗಾಡಿ ಹೊಸವಲ್ಲ. ಎಣ್ಣೆ ಅಗ್ಗವಾದ ಮೇಲೆ ಅವು ಹಬ್ಬ ಜಾತ್ರೆಯಿಂದ ದಿನನಿತ್ಯಕ್ಕೆ ಇಳಿದವು. 2025ರ ಫೆಬ್ರವರಿಯಲ್ಲಿ ಪ್ರಧಾನಿಯವರು ಆಕಾಶವಾಣಿಯ ಭಾಷಣದಲ್ಲಿ ಪ್ರತಿ ಮನೆಯೂ ಎಣ್ಣೆಯನ್ನು ಶೇ. 10ರಷ್ಟು ಕಡಿಮೆ ಬಳಸಲಿ ಎಂದು ಕರೆಕೊಟ್ಟರು. ಸಲಹೆ ಸರಿಯಾದದ್ದೇ. ಆದರೆ ಆ ಎಣ್ಣೆ ಬಾಣಲೆಗೆ ಬಂದು ಬಿದ್ದದ್ದು ಗೃಹಿಣಿಯ ನಿರ್ಧಾರದಿಂದಲ್ಲ, ಮೂರು ದಶಕಗಳ ಆಮದು ನೀತಿಯಿಂದ.

ತೆಳು ಮೈಯೊಳಗಿನ ಕೊಬ್ಬು

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಅದೇ ಊರು, ಅದೇ ಅಂಗಡಿ, ಅದೇ ಎಣ್ಣೆ. ಒಬ್ಬರು ದಪ್ಪ, ಒಬ್ಬರು ತೆಳ್ಳಗೆ ಏಕೆ? ಡೆನ್ಮಾರ್ಕಿನಲ್ಲಿ 540 ದತ್ತು ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದ ಆಲ್ಬರ್ಟ್ ಸ್ಟಂಕರ್ಡ್ 1986ರಲ್ಲಿ, ದತ್ತು ಹೋದವರ ಮೈಗಾತ್ರ ಸಾಕಿದವರದನ್ನಲ್ಲ, ಹೆತ್ತವರದನ್ನು ಹೋಲುತ್ತದೆ ಎಂದು ತೋರಿಸಿದ. ಹಾಗಾದರೆ ಎಲ್ಲ ಜೀನುಗಳ ಆಟವೇ? ಅದೂ ಸಾಲದು. ಒಂದು ತಲೆಮಾರಿನಲ್ಲಿ ಜೀನುಗಳು ಬದಲಾಗುವುದಿಲ್ಲ. ಕರ್ನಾಟಕದಲ್ಲಿ ಮಾತ್ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2015–16ರ ಸುತ್ತಿನಲ್ಲಿ ಶೇ. 23ರಷ್ಟಿದ್ದ ಅತಿತೂಕದ ಮಹಿಳೆಯರ ಪ್ರಮಾಣ 2019–21ರ ಸುತ್ತಿನಲ್ಲಿ ಶೇ. 30ಕ್ಕೆ ಏರಿತು. ಐದು ವರ್ಷದಲ್ಲಿ ರಾಜ್ಯದ ಹೆಂಗಸರ ಸಂಯಮ ಅಷ್ಟು ಕುಸಿಯಿತು ಎನ್ನುವುದೂ ನಂಬುವ ಮಾತಲ್ಲ. ಜೀನುಗಳು ಯಾರು ಮೊದಲು ದಪ್ಪಗಾಗುತ್ತಾರೆ ಎಂಬ ಸರದಿಯನ್ನು ಹೆಚ್ಚಾಗಿ ನಿರ್ಧರಿಸುತ್ತವೆ. ಎಷ್ಟು ಮಂದಿ ದಪ್ಪಗಾಗುತ್ತಾರೆ ಎಂಬುದನ್ನು ಸುತ್ತಲಿನ ಬದುಕು.

ಜೀನಿಗೂ ಬದುಕಿಗೂ ನಡುವೆ ಇನ್ನೊಂದು ಕಾಲಘಟ್ಟವಿದೆ: ಗರ್ಭ. 1944–45ರ ಚಳಿಗಾಲದಲ್ಲಿ ನಾಜಿಗಳ ದಿಗ್ಬಂಧನದಿಂದ ಹಾಲೆಂಡಿನ ಪಶ್ಚಿಮ ಭಾಗ ಹಸಿದಿತ್ತು. ಆಗ ಗರ್ಭದಲ್ಲಿದ್ದ ಗಂಡುಮಕ್ಕಳು 19ನೇ ವಯಸ್ಸಿಗೆ ಸೈನ್ಯದ ತಪಾಸಣೆಗೆ ಬಂದಾಗಿನ ಸುಮಾರು ಮೂರು ಲಕ್ಷ ದಾಖಲೆಗಳ ವಿಶ್ಲೇಷಣೆ 1976ರಲ್ಲಿ ಪ್ರಕಟವಾಯಿತು. ಗರ್ಭದ ಮೊದಲರ್ಧದಲ್ಲಿ ಬರ ಕಂಡವರಲ್ಲಿ ಬೊಜ್ಜು ಹೆಚ್ಚು, ಕೊನೆಯ ತಿಂಗಳುಗಳಲ್ಲಿ ಕಂಡವರಲ್ಲಿ ಕಡಿಮೆ. 1992ರಲ್ಲಿ ಹೇಲ್ಸ್ ಮತ್ತು ಬಾರ್ಕರ್, ತಾಯಿಯ ಹೊಟ್ಟೆಯಲ್ಲಿ ಕೊರತೆ ಕಂಡ ಮಗು ಕೊರತೆಯ ಬದುಕಿಗೇ ತನ್ನ ಅಂಗಾಂಗಗಳನ್ನು ಹೊಂದಿಸಿಕೊಂಡು ಹುಟ್ಟುತ್ತದೆ, ಮುಂದೆ ಸಮೃದ್ಧಿ ಎದುರಾದರೆ ಕಾಯಿಲೆ ಬೀಳುತ್ತದೆ ಎಂಬ ಮಿತವ್ಯಯಿ ದೇಹದ ಸಿದ್ಧಾಂತ ಮಂಡಿಸಿದರು.

ಇದನ್ನು ಪರೀಕ್ಷಿಸಲು ಬೇಕಾದ ಹಳೆಯ ಕಡತ ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟುಕೊಂಡು ಬಂದಿತ್ತು. 1934–54ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಬಂದಿತು. ಹುಟ್ಟುತೂಕ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆ, 3.1 ಕಿಲೋ ಮೀರಿದವರಲ್ಲಿ ಶೇ. 3 ಮಂದಿಗೆ ಮಾತ್ರ. ಮಧುಮೇಹದ ಚಿತ್ರ ಅಷ್ಟು ಸರಳವಾಗಿರಲಿಲ್ಲ. ಮೈಸೂರಿನಲ್ಲಿ ಅದು ಹೆಚ್ಚು ಕಂಡದ್ದು ಹುಟ್ಟುವಾಗ ಗಿಡ್ಡಗೆ, ಉದ್ದಕ್ಕೆ ಮೀರಿ ದುಂಡಗಿದ್ದವರಲ್ಲಿ, ಭಾರದ ತಾಯಂದಿರ ಮಕ್ಕಳಲ್ಲಿ. ಇಂಗ್ಲೆಂಡಿನ ಸೂತ್ರ ಇಲ್ಲಿಗೆ ಹಾಗೆಯೇ ಒಗ್ಗುವುದಿಲ್ಲ ಎಂದಾಯಿತು. ಪುಣೆಯ ಚಿತ್ತರಂಜನ್ ಯಾಜ್ಞಿಕ್ 2003ರಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಪುಣೆ ಸುತ್ತಲ ಹಳ್ಳಿಗಳ ಮಗುವಿನ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ ಮಗುವಿನದು 3.5 ಕಿಲೋ. ಕೊರತೆ ಬಿದ್ದದ್ದು ಸ್ನಾಯುವಿಗೆ, ಒಳಾಂಗಗಳಿಗೆ. ಚರ್ಮದಡಿಯ ಕೊಬ್ಬು ಮಾತ್ರ ಬಹುಮಟ್ಟಿಗೆ ಉಳಿದುಕೊಂಡಿತ್ತು. ತೆಳು ಮೈ, ಒಳಗೆ ಕೊಬ್ಬು.

ಆದ್ದರಿಂದಲೇ ಭಾರತೀಯರಿಗೆ ದೇಹತೂಕ ಸೂಚ್ಯಂಕ 23 ದಾಟಿದರೆ ಅತಿತೂಕ, 25 ದಾಟಿದರೆ ಬೊಜ್ಜು ಎಂದು 2009ರಲ್ಲಿ ನಮ್ಮ ತಜ್ಞರು ಒಮ್ಮತಕ್ಕೆ ಬಂದದ್ದು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಲ್ಲಿ ಮೈಯೆಲ್ಲ ಬೊಜ್ಜು ಇದ್ದವರು ಶೇ. 28.6 ಆದರೆ, ಹೊಟ್ಟೆ ಬೊಜ್ಜಿನವರು ಶೇ. 39.5. ತಕ್ಕಡಿಗಿಂತ ಅಳತೆಪಟ್ಟಿ ಹೆಚ್ಚು ನಿಜ ಹೇಳುತ್ತದೆ ಎಂದಾಯಿತು.

1877ರ ಬರವೇ ಇಂದಿನ ಬಳ್ಳಾರಿಯ ಸಕ್ಕರೆ ಕಾಯಿಲೆಗೆ ಕಾರಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ. ಐದಾರು ತಲೆಮಾರು ದಾಟಿದ ಸಂಬಂಧಕ್ಕೆ ಸಾಕ್ಷ್ಯ ಇಲ್ಲ. ಸಾಕ್ಷ್ಯ ಇರುವುದು ಅದಕ್ಕಿಂತ ಹತ್ತಿರದ ಸಂಗತಿಗೆ: ಅಜ್ಜಿ, ಅವ್ವ ಅರೆಹೊಟ್ಟೆಯಲ್ಲಿ ಬೆಳೆದು, ಮಗಳು ಅಗ್ಗದ ಪಿಷ್ಟ–ಎಣ್ಣೆಯ ಕಾಲಕ್ಕೆ ಬಂದು ನಿಂತಾಗ ಆಗುವ ಏಟಿಗೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಹೆಂಗಸರಲ್ಲಿ ನೂರಕ್ಕೆ 30 ಮಂದಿ ಅತಿತೂಕದವರು. ಎರಡೂ ಅಂಕಿ ಒಂದೇ ಸಮೀಕ್ಷೆಯವು; ಎಷ್ಟೋ ವೇಳೆ ಒಂದೇ ಮನೆಯವು.

ವ್ಯಕ್ತಿಯ ಪಾಲು ಎಷ್ಟು?

ಹಾಗೆಂದು ವ್ಯಕ್ತಿಯ ಕೈಯಲ್ಲಿ ಏನೂ ಇಲ್ಲವೆ? ಇದೆ. ಆದರೆ ಜನ ತಿಳಿದಷ್ಟು ಇಲ್ಲ, ತಿಳಿದಷ್ಟು ಬೇಗ ಫಲವೂ ಇಲ್ಲ. ಒಂದು ಕಿಲೋ ಕೊಬ್ಬಿಗೆ 7700 ಕಿಲೋಕ್ಯಾಲರಿ, ದಿನಕ್ಕೆ ಇಷ್ಟು ಬಿಟ್ಟರೆ ವರ್ಷಕ್ಕೆ ಇಷ್ಟು ಕಿಲೋ ಇಳಿಯುತ್ತದೆ ಎಂಬ ನೇರ ಲೆಕ್ಕ ಪುಸ್ತಕಗಳಲ್ಲಿ ಇಂದಿಗೂ ಕಾಣುತ್ತದೆ. ತೂಕ ಇಳಿದಂತೆ ದೇಹದ ಖರ್ಚೂ ಇಳಿಯುತ್ತದೆ ಎಂಬುದನ್ನು ಅದು ಮರೆತಿದೆ. 2011ರಲ್ಲಿ ಕೆವಿನ್ ಹಾಲ್ ಕೊಟ್ಟ ಗಣಿತ ಮಾದರಿಯ ಪ್ರಕಾರ, ದಿನಕ್ಕೆ 24 ಕಿಲೋಕ್ಯಾಲರಿಯನ್ನು ಕಾಯಂ ಆಗಿ ಬಿಟ್ಟರೆ ಕಟ್ಟಕಡೆಗೆ ಇಳಿಯುವುದು ಒಂದು ಕಿಲೋ. ಅದರಲ್ಲಿ ಅರ್ಧ ಇಳಿಯಲು ಒಂದು ವರ್ಷ, ಬಹುಪಾಲು ಇಳಿಯಲು ಮೂರು ವರ್ಷ. ನಡಿಗೆ, ವ್ಯಾಯಾಮಗಳಿಂದ ತೂಕ ಹೆಚ್ಚು ಇಳಿಯದಿದ್ದರೂ ರಕ್ತದೊತ್ತಡ, ಸಕ್ಕರೆ ಸುಧಾರಿಸುತ್ತವೆ. ಕೃಷ್ಣದೇವರಾಯನ ಕಸರತ್ತು ವ್ಯರ್ಥವಾಗಿರಲಿಲ್ಲ.

ಅದೇ ಹಾಲ್ 2019ರಲ್ಲಿ 20 ಮಂದಿಯನ್ನು ಆಸ್ಪತ್ರೆಯಲ್ಲಿ ಇರಿಸಿ ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಮನೆಯಡುಗೆಯಂಥ ಆಹಾರ ಕೊಟ್ಟ. ಎರಡರಲ್ಲೂ ಸಕ್ಕರೆ, ಕೊಬ್ಬು, ನಾರುಗಳ ಒಟ್ಟು ಪ್ರಮಾಣ ಸರಿಸಮ. ಎಷ್ಟು ಬೇಕಾದರೂ ತಿನ್ನಬಹುದು. ಸಿದ್ಧ ಆಹಾರದ ವಾರಗಳಲ್ಲಿ ಅವರು ಅರಿವಿಲ್ಲದೆ ದಿನಕ್ಕೆ 500 ಕಿಲೋಕ್ಯಾಲರಿಯಷ್ಟು ಹೆಚ್ಚು ತಿಂದರು. ಜನ ಅವರೇ, ಸಂಯಮ ಅದೇ, ತಟ್ಟೆ ಮಾತ್ರ ಬೇರೆ. ಕರುಳಿನ ಹಾರ್ಮೋನನ್ನು ಅನುಕರಿಸುವ ತೂಕದ ಹೊಸ ಚುಚ್ಚುಮದ್ದುಗಳು 2025ರಲ್ಲಿ ಭಾರತಕ್ಕೂ ಬಂದವು. ಅವುಗಳಿಂದ ಹಸಿವು ಇಳಿಯುತ್ತದೆ, ಚುಚ್ಚುಮದ್ದು ನಿಲ್ಲಿಸಿದರೆ ಮರಳುತ್ತದೆ. ಇಚ್ಛಾಶಕ್ತಿಯನ್ನು ಸೂಜಿಯಲ್ಲಿ ತುಂಬಲು ಬರುವುದಿಲ್ಲವಲ್ಲ! 2025ರ ಜನವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗ, ತೂಕ ಮಾತ್ರ ನೋಡದೆ ಅಂಗಾಂಗಗಳ ಕೆಲಸ ಕೆಟ್ಟಿದೆಯೇ ಎಂದು ನೋಡಿ ಬೊಜ್ಜನ್ನು ಕಾಯಿಲೆ ಎನ್ನಬೇಕೆಂದು ಹೇಳಿತು.

ತೆರಿಗೆಯ ಮಾರ್ಗವನ್ನೂ ಕೆಲವೆಡೆ ಹಿಡಿದಿದ್ದಾರೆ. ಮೆಕ್ಸಿಕೊ 2014ರಲ್ಲಿ ಸಿಹಿ ಪಾನೀಯಗಳ ಮೇಲೆ, ಕೇರಳ 2016ರಲ್ಲಿ ಬರ್ಗರ್, ಪಿಜ್ಜಾಗಳ ಮೇಲೆ ಶೇ. 14.5 ತೆರಿಗೆ ಹಾಕಿದವು. ಕೇರಳದ್ದು ಮಿರ್ಚಿ, ಬೋಂಡಾಗಳನ್ನು ಬಿಟ್ಟು ಹೊರಗಿನ ತಿಂಡಿಗೆ ಮಾತ್ರ ಬಿದ್ದದ್ದರಿಂದ ಆರೋಗ್ಯಕ್ಕಿಂತ ಬೊಕ್ಕಸಕ್ಕೇ ಹತ್ತಿರವಿತ್ತು ಎಂದು ನನ್ನ ಅನಿಸಿಕೆ.

ಬಿಸಿಯೂಟದ ತಟ್ಟೆ

ಗರ್ಭದಿಂದ ಆರಂಭವಾಗುವ ಈ ಕಥೆಯಲ್ಲಿ ಕೈ ಹಾಕಬಹುದಾದ ಜಾಗ ಶಾಲೆ. ಕರ್ನಾಟಕದಲ್ಲಿ ಬಿಸಿಯೂಟ 2002ರ ಜೂನ್‌ನಲ್ಲಿ ಮೊದಲು ಆರಂಭವಾದದ್ದು ಬಳ್ಳಾರಿಯೂ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ. ರಾಷ್ಟ್ರೀಯ ನಿಯಮದಂತೆ ಕಿರಿಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ. ಹಿರಿಯ ತರಗತಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ. ಕಾರ್ನಿಷ್ ಹೋರಾಡಿ ಗಳಿಸಿದ್ದು ಕಲ್ಲು ಒಡೆಯುವ ಗಂಡಾಳಿಗೆ ಇಡೀ ದಿನಕ್ಕೆ 43 ಗ್ರಾಂ ಬೇಳೆ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಸೇರಿದವು. ಪ್ರತಿಭಟನೆಯೂ ನಡೆಯಿತು. ಮಕ್ಕಳು ಮೊಟ್ಟೆ ತಿಂದರು.

2002ರಲ್ಲಿ ಹೊಸಪೇಟೆಯ, ಕಂಪ್ಲಿಯ ಸರ್ಕಾರಿ ಶಾಲೆಗಳ 1ನೇ ತರಗತಿಯಲ್ಲಿ ತಟ್ಟೆ ಹಿಡಿದು ಕೂತಿದ್ದ ಹುಡುಗಿಯರಿಗೆ ಈಗ ಮೂವತ್ತರ ಆಸುಪಾಸು. ಅವರಲ್ಲಿ ಬಹಳ ಮಂದಿ ತಾಯಂದಿರಾಗಿದ್ದಾರೆ. 2021ರಲ್ಲಿ ಪ್ರಕಟವಾದ ಒಂದು ಅಖಿಲ ಭಾರತ ಅಧ್ಯಯನ, ಶಾಲೆಯಲ್ಲಿದ್ದಾಗ ಬಿಸಿಯೂಟ ಪೂರ್ತಿ ಸಿಕ್ಕಿದ್ದ ಹೆಣ್ಣುಮಕ್ಕಳಿಗೆ ಹುಟ್ಟಿದ ಕೂಸುಗಳನ್ನೂ, ಸಿಗದೇ ಇದ್ದವರ ಕೂಸುಗಳನ್ನೂ ಹೋಲಿಸಿ ನೋಡಿತು. ಬಿಸಿಯೂಟ ಉಂಡ ತಾಯಂದಿರ ಕೂಸುಗಳು ವಯಸ್ಸಿಗೆ ತಕ್ಕ ಎತ್ತರದಲ್ಲಿ ಮುಂದಿದ್ದವು.